ಮೈದಾನ ಕಷ್ಟ, ಆದರೆ ಯಾರಿಗೆ?

ಪರೀಕ್ಷೆ ಮುಗಿಸಿ ಹೊರಬಂದ ವಿದ್ಯಾರ್ಥಿಗಳನ್ನು ‘ಪ್ರಶ್ನೆಪತ್ರಿಕೆ ಹೇಗಿತ್ತು?’ ಎಂದು ಕೇಳಿ ನೋಡಿ. ಒಬ್ಬ ‘ಸುಲಭ’ ಎನ್ನುತ್ತಾನೆ, ಇನ್ನೊಬ್ಬಳು ‘ತುಂಬ ಕಷ್ಟ’ ಎನ್ನುತ್ತಾಳೆ. ಇಬ್ಬರೂ ಬರೆದದ್ದು ಒಂದೇ ಪತ್ರಿಕೆ. ಹಾಗಾದರೆ ಕಷ್ಟ ಎಂಬುದು ಪ್ರಶ್ನೆಪತ್ರಿಕೆಯ ಗುಣವೇ, ಬರೆದವರ ಗುಣವೇ? ಉದ್ದ, ತೂಕ, ಉಷ್ಣತೆಗಳ ಹಾಗೆ ಕಷ್ಟವನ್ನೂ ಒಂದು ಸಂಖ್ಯೆಯಲ್ಲಿ ಹೇಳಲು ಬರುತ್ತದೆಯೇ? ಉತ್ತರಪತ್ರಿಕೆ ತಿದ್ದುವ ನಾವೆಲ್ಲ ಈ ಪ್ರಶ್ನೆಯನ್ನು ಆಗಾಗ ಎದುರಿಸುತ್ತೇವೆ, ಎದುರಿಸಿ ಬದಿಗಿಡುತ್ತೇವೆ. ಬದಿಗಿಡಲು ಆಗದೆ ನೂರಕ್ಕೂ ಹೆಚ್ಚು ವರ್ಷ ಇದರೊಡನೆ ಗುದ್ದಾಡಿದವರು ಗಾಲ್ಫ್ ಆಟದವರು.

ನಾನು ಗಾಲ್ಫ್ ಆಡುವವನಲ್ಲ. ಅದು ಹಣವಂತರ ಆಟ, ಅದರಿಂದ ನಮಗೇನು ಎಂದು ನೀವು ಕೇಳಬಹುದು. ಆಟದ ಮಾತು ಹಾಗಿರಲಿ. ಅದರ ಹಿಂದಿರುವ ಮಾಪನದ ಸಮಸ್ಯೆ ಮಾತ್ರ ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಸೇರಿದ್ದು.

ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳಿರುತ್ತವೆ. ಪ್ರತಿಯೊಂದು ಕುಳಿಗೂ ಟೀ ಎಂಬ ಆರಂಭದ ಜಾಗವಿದೆ. ಅಲ್ಲಿಂದ ಚೆಂಡನ್ನು ಹೊಡೆದು, ನಡುವಿನ ಹುಲ್ಲುಹಾದಿ ದಾಟಿಸಿ, ಗ್ರೀನ್ ಎಂಬ ನುಣ್ಣನೆಯ ಹುಲ್ಲಿನ ಅಂಗಳಕ್ಕೆ ತಂದು, ಅಲ್ಲಿರುವ ಕುಳಿಯೊಳಕ್ಕೆ ಬೀಳಿಸಬೇಕು. ದಾರಿಯಲ್ಲಿ ಮರಳುಗುಂಡಿ, ಕೆರೆ, ಮರ, ಎತ್ತರದ ಹುಲ್ಲು ಎಲ್ಲವೂ ಇರುತ್ತವೆ. 18 ಕುಳಿಗಳಿಗೂ ಸೇರಿ ಎಷ್ಟು ಹೊಡೆತ ಬೇಕಾಯಿತು ಎಂಬುದೇ ಅಂಕ. ಕಡಿಮೆ ಹೊಡೆತದವನು ಗೆದ್ದಂತೆ.

ಇದರ ವಿಶೇಷ ಎಂದರೆ ಅನುಭವಿಯೂ ಹೊಸಬನೂ ಒಟ್ಟಿಗೆ ಸ್ಪರ್ಧಿಸಬಹುದು. ಹೊಸಬನಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಟ್ಟರಾಯಿತು. ಈ ರಿಯಾಯಿತಿಯ ಹೆಸರೇ ಹ್ಯಾಂಡಿಕ್ಯಾಪ್. 18 ಹ್ಯಾಂಡಿಕ್ಯಾಪ್ ಇರುವವನು 90 ಹೊಡೆತದಲ್ಲಿ ಮುಗಿಸಿದರೆ ಅವನ ನಿವ್ವಳ ಅಂಕ 72. ರಿಯಾಯಿತಿ ಬೇಡದ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವ ಪರಿಣತನನ್ನು ಸ್ಕ್ರ್ಯಾಚ್ ಆಟಗಾರ ಎನ್ನುತ್ತಾರೆ.

ಕೇಳಲು ಸುಲಭ. ಆದರೆ ಯಾರಿಗೆ ಎಷ್ಟು ರಿಯಾಯಿತಿ? ಅದಕ್ಕಿಂತ ಮುಖ್ಯವಾಗಿ, ಒಂದು ಮೈದಾನದಲ್ಲಿ ಗಳಿಸಿದ ರಿಯಾಯಿತಿ ಇನ್ನೊಂದು ಮೈದಾನದಲ್ಲೂ ಸಲ್ಲುವುದೇ?

ಹಳೆಯ ಲೆಕ್ಕಗಳು

ರಿಯಾಯಿತಿಯ ಚಿಂತೆ ಆಟದಷ್ಟೇ ಹಳೆಯದು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಥಾಮಸ್ ಕಿಂಕೇಡ್ ಎಂಬುವನು 1687ರ ತನ್ನ ದಿನಚರಿಯಲ್ಲಿ, ಇಬ್ಬರು ಅಸಮಾನರು ಆಡುವಾಗ ಆಟವನ್ನು ಸರಿದೂಗಿಸುವುದು ಹೇಗೆ ಎಂಬುದನ್ನು ಚರ್ಚಿಸಿದ್ದಾನೆ. 19ನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಮೂರು ಕುಳಿಗೊಂದು ಹೊಡೆತ, ಎರಡು ಕುಳಿಗೊಂದು, ಕುಳಿಗೊಂದು ಎಂಬ ದರ್ಜೆಗಳಿದ್ದವು. ಇವೆಲ್ಲ ಪರಸ್ಪರ ಬಲ್ಲವರ ನಡುವಿನ ಒಪ್ಪಂದ. ಇಬ್ಬರೂ ಅದೇ ಮೈದಾನದಲ್ಲಿ ದಿನವೂ ಆಡುವವರಾದ್ದರಿಂದ ಮೈದಾನದ ಕಷ್ಟವನ್ನು ಯಾರೂ ಅಳೆಯಬೇಕಾಗಿರಲಿಲ್ಲ. ಅದು ಸಮೀಕರಣದ ಎರಡೂ ಬದಿಯಲ್ಲಿ ಇದ್ದು ಹೊಡೆದುಹೋಗುತ್ತಿತ್ತು.

ಮೈದಾನಕ್ಕೇ ಒಂದು ಸಂಖ್ಯೆ ಕೊಡುವ ಪ್ರಯತ್ನ 1870ರಲ್ಲಿ ಕಾಣುತ್ತದೆ. ಆ ವರ್ಷದ ಓಪನ್ ಪಂದ್ಯ ಪ್ರೆಸ್ಟ್‌ವಿಕ್‌ನ 12 ಕುಳಿಗಳ ಮೈದಾನದಲ್ಲಿ ನಡೆಯಲಿತ್ತು. ಎ. ಎಚ್. ಡೋಲ್‌ಮನ್ ಎಂಬ ಬರಹಗಾರ ಡೇವಿ ಸ್ಟ್ರಾತ್ ಮತ್ತು ಜೇಮೀ ಆಂಡರ್ಸನ್ ಎಂಬ ಇಬ್ಬರು ವೃತ್ತಿಪರ ಆಟಗಾರರನ್ನು, ತಪ್ಪಿಲ್ಲದೆ ಆಡಿದರೆ ಇಲ್ಲಿ ಎಷ್ಟು ಹೊಡೆತ ಸಾಕು ಎಂದು ಕೇಳಿದ. ಅವರ ಉತ್ತರ 49. ಮೂರು ಸುತ್ತಿಗೆ 147. ಗೆದ್ದ ಟಾಮ್ ಮಾರಿಸ್ ಕಿರಿಯನ ಅಂಕ 149. ಅಂದರೆ 147ಕ್ಕಿಂತ ಎರಡು ಹೆಚ್ಚು ಎಂದು ಡೋಲ್‌ಮನ್ ಲೆಕ್ಕ ಹಾಕಿದ. ಷೇರುಪೇಟೆಯಿಂದ ಎರವಲು ಬಂದ ‘ಪಾರ್’ ಎಂಬ ಪದ ಗಾಲ್ಫ್‌ನಲ್ಲಿ ನೆಲೆಯೂರಿದ್ದು ಹೀಗೆ. 1890ರ ಸುಮಾರಿಗೆ ಇಂಗ್ಲೆಂಡಿನ ಕವೆಂಟ್ರಿ ಕ್ಲಬ್ಬಿನ ಹ್ಯೂ ರಾದರ್‌ಹ್ಯಾಮ್ ಪ್ರತಿ ಕುಳಿಗೂ ಒಂದು ನಿಗದಿತ ಅಂಕವಿಟ್ಟು, ಆಟಗಾರ ಅದರ ವಿರುದ್ಧ ಆಡಲಿ ಎಂದು ಸೂಚಿಸಿದ. ಕಣ್ಣಿಗೆ ಕಾಣದೆ ಎದುರಾಳಿಯಾಗಿ ಕಾಡುವ ಈ ಅಂಕಕ್ಕೆ, ಆಗ ಜನಪ್ರಿಯವಾಗಿದ್ದ ಗುಮ್ಮನ ಹಾಡಿನಿಂದ ‘ಬೋಗಿ’ ಎಂಬ ಅಡ್ಡಹೆಸರು ಬಂತು. ನಂತರ ಅಮೆರಿಕದಲ್ಲಿ ಅದರ ಅರ್ಥ ಪಾರ್‌ಗಿಂತ ಒಂದು ಹೆಚ್ಚು ಎಂದಾಯಿತು.

ಇಲ್ಲಿ ಮಹಿಳೆಯರ ಕೆಲಸವನ್ನು ಹೇಳಲೇಬೇಕು, ಏಕೆಂದರೆ ಅದನ್ನು ಬಿಟ್ಟು ಬರೆಯುವುದೇ ರೂಢಿ. ಬ್ರಿಟನ್ನಿನಲ್ಲಿ ಪುರುಷರ ಕ್ಲಬ್ಬುಗಳು ತಮ್ಮ ತಮ್ಮ ಲೆಕ್ಕವೇ ಸರಿ ಎಂದು ಹಟ ಹಿಡಿದಿದ್ದಾಗ, 1893ರಲ್ಲಿ ಸ್ಥಾಪನೆಯಾದ ಲೇಡೀಸ್ ಗಾಲ್ಫ್ ಯೂನಿಯನ್ ದೇಶಕ್ಕೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಜಾರಿಗೆ ತಂದಿತು. ಅದರ ಕಾರ್ಯದರ್ಶಿ ಇಸೆಟ್ ಪಿಯರ್‌ಸನ್ ಇದರ ಹಿಂದಿನ ಶಕ್ತಿ. ಮಾಪನಕ್ಕೆ ಮೊದಲು ಬೇಕಾದ್ದು ಎಲ್ಲರೂ ಒಪ್ಪುವ ಏಕಮಾನ. ಅದನ್ನು ಮೊದಲು ಒಪ್ಪಿಕೊಂಡವರು ಮಹಿಳೆಯರು. ಬ್ರಿಟನ್ನಿನ ಪುರುಷರು ಸ್ಟ್ಯಾಂಡರ್ಡ್ ಸ್ಕ್ರ್ಯಾಚ್ ಸ್ಕೋರ್ ಎಂಬ ಸಮಾನ ಅಳತೆಗೆ ಬಂದದ್ದು 1926ರಲ್ಲಿ.

ಚಾಂಪಿಯನ್ನನ ಅಳತೆಗೋಲು

ಅಮೆರಿಕದಲ್ಲಿ ಲೇಟನ್ ಕಾಲ್ಕಿನ್ಸ್ ಎಂಬುವನು 1905ರ ಹೊತ್ತಿಗೆ ಒಂದು ಪದ್ಧತಿಯನ್ನು ರೂಪಿಸಿದ್ದ. ಆಟಗಾರನ ಅತ್ಯುತ್ತಮ ಮೂರು ಅಂಕಗಳ ಸರಾಸರಿಯಿಂದ ಹ್ಯಾಂಡಿಕ್ಯಾಪ್ ತೆಗೆಯುವುದು ಅದರ ತಿರುಳು. 1911ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಇದನ್ನು ಅಂಗೀಕರಿಸಿತು. ಹಾಗಾದರೆ ಪ್ರತಿ ಮೈದಾನದ ಪಾರ್ ಎಷ್ಟು? ಅದಕ್ಕೆ ಆರಿಸಿಕೊಂಡ ಮಾನದಂಡ ಸೊಗಸಾಗಿದೆ: ಜೆರೋಮ್ ಟ್ರಾವರ್ಸ್ ಈ ಮೈದಾನದಲ್ಲಿ ಆಡಿದರೆ ಎಷ್ಟು ಹೊಡೆತ ತೆಗೆದುಕೊಂಡಾನು ಎಂದು ಅಂದಾಜು ಮಾಡುವುದು! ಟ್ರಾವರ್ಸ್ ನಾಲ್ಕು ಬಾರಿ ಅಮೆರಿಕದ ಹವ್ಯಾಸಿ ಚಾಂಪಿಯನ್ ಆದವನು.

ಒಬ್ಬ ಮನುಷ್ಯನನ್ನೇ ಮಾನಕವಾಗಿ ಇಟ್ಟುಕೊಂಡದ್ದನ್ನು ಕಂಡು ನಗಬೇಡಿ. ಅರಸನ ಪಾದದ ಉದ್ದವೇ ಅಡಿ, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವೇ ಮೊಳ ಎಂದು ಶತಮಾನಗಳ ಕಾಲ ವ್ಯವಹಾರ ನಡೆಸಿದವರು ನಾವು. ದೋಷ ಇದ್ದದ್ದು ಬೇರೆ ಕಡೆ. ಈ ಅಳತೆಗೋಲು ಮೈದಾನವನ್ನು ಚಾಂಪಿಯನ್ನನ ಕಣ್ಣಿನಿಂದ ಮಾತ್ರ ನೋಡುತ್ತಿತ್ತು. ಮುಂದಿನ ಆರು ದಶಕಗಳಲ್ಲಿ ಪೂರ್ಣಾಂಕದ ಬದಲು ದಶಮಾಂಶ ಬಂತು, ಉದ್ದದ ಲೆಕ್ಕ ನಿಖರವಾಯಿತು. ಪಾರ್‌ನ ಬದಲು 70.6, 71.3 ಎಂಬಂಥ ಕೋರ್ಸ್ ರೇಟಿಂಗ್ ಬಂತು. ಆದರೂ ಅದು ಸ್ಕ್ರ್ಯಾಚ್ ಆಟಗಾರನ ನಿರೀಕ್ಷಿತ ಅಂಕವೇ. ಅಳತೆ ಸೂಕ್ಷ್ಮವಾಯಿತು, ಅಳೆಯುತ್ತಿದ್ದ ರಾಶಿ ಬದಲಾಗಲಿಲ್ಲ.

ಇದರಿಂದ ಏನು ತೊಂದರೆ? ಎರಡು ಮೈದಾನಗಳನ್ನು ಊಹಿಸಿಕೊಳ್ಳೋಣ. ‘ಅ’ ಮೈದಾನ ಬಯಲು. ಅಡೆತಡೆ ಹೆಚ್ಚಿಲ್ಲ, ಉದ್ದ ಮಾತ್ರ ಸ್ವಲ್ಪ ಹೆಚ್ಚು. ‘ಆ’ ಮೈದಾನ ಗಿಡ್ಡ; ಆದರೆ ಹಲವು ಕುಳಿಗಳಲ್ಲಿ ಟೀಯಿಂದ 190 ಗಜದವರೆಗೆ ಕೆರೆ ಹಬ್ಬಿದೆ. 250 ಗಜ ಹೊಡೆಯುವ ಪರಿಣತನಿಗೆ ಆ ಕೆರೆ ಇದ್ದರೂ ಇಲ್ಲದಿದ್ದರೂ ಒಂದೇ. ಅದು ಅವನಿಗೆ ನೋಡಲು ಚೆಂದ ಅಷ್ಟೆ. ಎರಡೂ ಮೈದಾನಗಳಲ್ಲಿ ಅವನ ಅಂಕ 71 ಎನ್ನೋಣ. ನೆಲಕ್ಕೆ ಬಿದ್ದ ಚೆಂಡು ಉರುಳಿದ್ದೂ ಸೇರಿ 200 ಗಜ ತಲುಪುವ ಸಾಮಾನ್ಯ ಆಟಗಾರನ ಪಾಡೇನು? ಅವನ ಚೆಂಡು ಮತ್ತೆ ಮತ್ತೆ ನೀರಿಗೆ ಬೀಳುತ್ತದೆ, ಪ್ರತಿ ಬಾರಿಯೂ ದಂಡದ ಹೊಡೆತ. ‘ಅ’ದಲ್ಲಿ 91ಕ್ಕೆ ಮುಗಿಸುವವನು ‘ಆ’ದಲ್ಲಿ 98 ತೆಗೆದುಕೊಳ್ಳುತ್ತಾನೆ. ಹಳೆಯ ಪದ್ಧತಿಯ ಪ್ರಕಾರ ಎರಡೂ ಮೈದಾನಗಳು ಸಮಾನ ಕಷ್ಟದವು, ರೇಟಿಂಗ್ ಎರಡಕ್ಕೂ 71.

ಪರಿಣಾಮ ಗಮನಿಸಿ. ‘ಆ’ ಮೈದಾನದ ಖಾಯಂ ಆಟಗಾರನಿಗೆ ಅಲ್ಲಿನ ಅಂಕಗಳಿಂದ ದೊಡ್ಡ ಹ್ಯಾಂಡಿಕ್ಯಾಪ್ ಸಿಗುತ್ತದೆ. ಅದನ್ನು ಹೊತ್ತು ಅವನು ‘ಅ’ಕ್ಕೆ ಬಂದರೆ ಬಹುಮಾನ ಬಾಚಿಕೊಂಡು ಹೋಗುತ್ತಾನೆ. ‘ಅ’ದವನು ‘ಆ’ಕ್ಕೆ ಹೋದರೆ ಬರಿಗೈ. ಇಬ್ಬರೂ ಮೋಸ ಮಾಡಿಲ್ಲ. ಮೋಸ ಇರುವುದು ಅಳತೆಯಲ್ಲಿ.

ನೌಕಾಪಡೆಯ ವಿದ್ಯಾರ್ಥಿ

ಇದನ್ನು ಸರಿಯಾಗಿ ಹಿಡಿದವನು ಡೀನ್ ನೂಥ್. ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದ ಈತ 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಸಂಸ್ಥೆಯಲ್ಲಿ ಓದುತ್ತಿದ್ದ. ಉದ್ದದ ಜೊತೆಗೆ ಮೈದಾನದ ಹತ್ತು ಲಕ್ಷಣಗಳಿಗೆ ತೂಕ ಕೊಟ್ಟು ಕಷ್ಟವನ್ನು ಲೆಕ್ಕ ಹಾಕುವ ವಿಧಾನವನ್ನು ಅವನು 1977ರ ಹೊತ್ತಿಗೆ ಸಿದ್ಧಪಡಿಸಿದ. 1979ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಹ್ಯಾಂಡಿಕ್ಯಾಪ್ ಸಂಶೋಧನ ತಂಡವೊಂದನ್ನು ರಚಿಸಿತು. ಆ ವರ್ಷಗಳಲ್ಲಿ ಹ್ಯಾಂಡಿಕ್ಯಾಪ್‌ನ ಗಣಿತದಲ್ಲಿ ತೊಡಗಿದ್ದವರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಫ್ರಾನ್ಸಿಸ್ ಶೀಡ್ ಒಬ್ಬರು. ನ್ಯೂಮರಿಕಲ್ ಅನಾಲಿಸಿಸ್ ಓದಿದವರಿಗೆ ಈ ಹೆಸರು ಪರಿಚಿತ. ಷಾಮ್ ಮಾಲೆಯಲ್ಲಿ ಆ ವಿಷಯದ ಪುಸ್ತಕ ಬರೆದವರು ಇವರೇ.

ಕೊಲರಾಡೊ ರಾಜ್ಯದ ಮೈದಾನಗಳೆಲ್ಲ 1982ರಲ್ಲಿ ಹೊಸ ವಿಧಾನದಿಂದ ಅಳೆಯಲ್ಪಟ್ಟವು. ಮರುವರ್ಷ ಅಲ್ಲಿ ಸ್ಲೋಪ್ ಪದ್ಧತಿ ಪ್ರಯೋಗಕ್ಕೆ ಬಂತು. 1987ರಿಂದ ಅದು ದೇಶದ ಎಲ್ಲೆಡೆಗೆ ಹರಡಿತು.

ಸ್ಲೋಪ್ ಎಂದರೆ ನೆಲದ ಏರುತಗ್ಗು ಎಂದು ಹಲವು ಗಾಲ್ಫ್ ಆಟಗಾರರೇ ತಿಳಿದಿದ್ದಾರಂತೆ. ಅದಲ್ಲ. ನೀವು ಗ್ರಾಫ್ ಹಾಳೆಯ ಮೇಲೆ ಎಳೆಯುವ ಸರಳರೇಖೆಯ ಇಳಿಜಾರು ಅದು. X ಅಕ್ಷದಲ್ಲಿ ಆಟಗಾರರ ಹ್ಯಾಂಡಿಕ್ಯಾಪ್, Y ಅಕ್ಷದಲ್ಲಿ ಒಂದು ಮೈದಾನದಲ್ಲಿ ಅವರು ಗಳಿಸುವ ಅಂಕ. ಬಿಂದುಗಳನ್ನು ಗುರುತಿಸುತ್ತ ಹೋದರೆ ಅವು ಹೆಚ್ಚುಕಡಿಮೆ ಒಂದು ಸರಳರೇಖೆಯ ಸುತ್ತ ಬೀಳುತ್ತವೆ. ರೇಖೆ Y ಅಕ್ಷವನ್ನು ಕತ್ತರಿಸುವ ಎತ್ತರವೇ ಸ್ಕ್ರ್ಯಾಚ್ ಆಟಗಾರನ ಅಂಕ, ಅಂದರೆ ಕೋರ್ಸ್ ರೇಟಿಂಗ್. ರೇಖೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದು, ಆಟಗಾರ ದುರ್ಬಲನಾದಂತೆಲ್ಲ ಮೈದಾನ ಎಷ್ಟು ಹೆಚ್ಚು ದಂಡಿಸುತ್ತದೆ ಎಂಬುದರ ಅಳತೆ. ಹಳೆಯ ಪದ್ಧತಿ ಅಕ್ಷಛೇದವನ್ನು ಮಾತ್ರ ಅಳೆದು, ಎಲ್ಲ ಮೈದಾನಗಳ ರೇಖೆಗಳೂ ಸಮಾಂತರ ಎಂದು ನಂಬಿಕೊಂಡಿತ್ತು. ಅವು ಸಮಾಂತರವಲ್ಲ!

ಕಷ್ಟವನ್ನು ಹೇಳಲು ಒಂದು ಸಂಖ್ಯೆ ಸಾಲದು, ಒಂದು ರೇಖೆ ಬೇಕು. ಪರೀಕ್ಷೆಗಳ ಅಧ್ಯಯನದಲ್ಲೂ ಇದೇ ಹೆಜ್ಜೆ ಕಾಣಸಿಗುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಷ್ 1960ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಪ್ರತಿ ಪ್ರಶ್ನೆಗೆ ಒಂದೇ ಸಂಖ್ಯೆ, ಅದರ ಕಠಿಣತೆ. 1968ರಲ್ಲಿ ಆಲನ್ ಬರ್ನ್‌ಬಾಮ್ ವಿವರಿಸಿದ ಮಾದರಿಯಲ್ಲಿ ಎರಡನೆಯದೊಂದು ಸಂಖ್ಯೆ ಸೇರಿತು: ಬಲ್ಲವರನ್ನೂ ಅರಿಯದವರನ್ನೂ ಆ ಪ್ರಶ್ನೆ ಎಷ್ಟು ಚುರುಕಾಗಿ ಬೇರ್ಪಡಿಸುತ್ತದೆ ಎಂಬುದು. ಗಾಲ್ಫ್‌ನ ಸ್ಲೋಪ್ ಇದರ ಹತ್ತಿರದ ಸಂಬಂಧಿ.

ಎರಡು ಬಿಂದು, ಒಂದು ರೇಖೆ

ಸರಳರೇಖೆ ಎಳೆಯಲು ಎರಡು ಬಿಂದು ಸಾಕು. ಪ್ರತಿ ಮೈದಾನದಲ್ಲೂ ಸಾವಿರಾರು ಆಟಗಾರರ ಅಂಕ ಸಂಗ್ರಹಿಸುವ ಬದಲು ಇಬ್ಬರು ಮಾದರಿ ಆಟಗಾರರನ್ನು ಕಲ್ಪಿಸಿಕೊಂಡರು. ಪುರುಷರಲ್ಲಿ ಸ್ಕ್ರ್ಯಾಚ್ ಆಟಗಾರ ಟೀಯಿಂದ 250 ಗಜ ಹೊಡೆಯುತ್ತಾನೆ, ಎರಡು ಹೊಡೆತದಲ್ಲಿ 470 ಗಜದ ಗ್ರೀನ್ ತಲುಪುತ್ತಾನೆ. ಹ್ಯಾಂಡಿಕ್ಯಾಪ್ ಸುಮಾರು 20 ಇರುವ ಬೋಗಿ ಆಟಗಾರ 200 ಗಜ ಹೊಡೆಯುತ್ತಾನೆ, ಎರಡು ಹೊಡೆತಕ್ಕೆ 370 ಗಜ. ಮಹಿಳೆಯರಲ್ಲಿ ಸ್ಕ್ರ್ಯಾಚ್ ಆಟಗಾರ್ತಿಗೆ 210 ಮತ್ತು 400 ಗಜ. ಹ್ಯಾಂಡಿಕ್ಯಾಪ್ ಸುಮಾರು 24 ಇರುವ ಬೋಗಿ ಆಟಗಾರ್ತಿಗೆ 150 ಮತ್ತು 280 ಗಜ.

ಈ ಕಲ್ಪಿತ ವ್ಯಕ್ತಿಗಳ ಉಪಯೋಗ ಎಷ್ಟೆಂದು ನೋಡಿ. 410 ಗಜದ ಒಂದು ಕುಳಿಯನ್ನು ತೆಗೆದುಕೊಳ್ಳಿ. ಸ್ಕ್ರ್ಯಾಚ್ ಆಟಗಾರ ಮೊದಲ ಹೊಡೆತದ ನಂತರ ಗ್ರೀನಿನಿಂದ 160 ಗಜ ದೂರದಲ್ಲಿದ್ದಾನೆ, ಎರಡನೆಯದರಲ್ಲಿ ಅಲ್ಲಿಗೆ ತಲುಪುತ್ತಾನೆ. ಬೋಗಿ ಆಟಗಾರನಿಗೆ ಎರಡು ಹೊಡೆತದ ಬಳಿಕವೂ 40 ಗಜ ಉಳಿದಿರುತ್ತದೆ. ಟೀಯಿಂದ 200 ಗಜದಲ್ಲಿ ಒಂದು ಮರಳುಗುಂಡಿ ಇದ್ದರೆ ಅದು ಬೋಗಿಯವನ ಚೆಂಡು ಬೀಳುವ ಜಾಗ. ಸ್ಕ್ರ್ಯಾಚ್ ಆಟಗಾರನ ಚೆಂಡು ಅದರ ಮೇಲೆ ಹಾರಿಹೋಗುತ್ತದೆ. ಅದೇ ಗುಂಡಿಯನ್ನು 250 ಗಜಕ್ಕೆ ಸರಿಸಿದರೆ ಸ್ಕ್ರ್ಯಾಚ್ ಆಟಗಾರನಿಗೆ ಕಂಟಕ. ಇನ್ನೊಬ್ಬನ ಮೊದಲ ಹೊಡೆತ ಅಲ್ಲಿಗೆ ಮುಟ್ಟುವುದೇ ಇಲ್ಲ. ಒಂದೇ ಹುಲ್ಲುಹಾದಿಯಲ್ಲಿ ಇಬ್ಬರಿಗೆ ಎರಡು ಬೇರೆ ಬೇರೆ ಮೈದಾನಗಳಿವೆ. ಅಳೆಯಲು ಬರುವ ತಂಡ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತದೆ.

ಲೆಕ್ಕ ಉದ್ದದಿಂದ ಆರಂಭವಾಗುತ್ತದೆ. ಪುರುಷರಿಗೆ ಸೂತ್ರಗಳು ಹೀಗಿವೆ (ಉದ್ದ ಗಜಗಳಲ್ಲಿ):

ಸ್ಕ್ರ್ಯಾಚ್ ಅಂಕ = ಉದ್ದ ÷ 220 + 40.9
ಬೋಗಿ ಅಂಕ = ಉದ್ದ ÷ 160 + 50.7

6600 ಗಜದ ಮೈದಾನಕ್ಕೆ ಬೆಲೆ ಹಾಕಿ ನೋಡಿ: ಮೊದಲನೆಯದು 70.9, ಎರಡನೆಯದು 91.95. ಭಾಜಕಗಳ ಅರ್ಥವನ್ನು ವಿದ್ಯಾರ್ಥಿಗಳು ತಾವೇ ಊಹಿಸಬಲ್ಲರು. ಮೈದಾನ 220 ಗಜ ಉದ್ದವಾದರೆ ಪರಿಣತನಿಗೆ ಒಂದು ಹೊಡೆತ ಹೆಚ್ಚು. ಬೋಗಿಯವನಿಗೆ 160 ಗಜಕ್ಕೇ ಒಂದು ಹೆಚ್ಚು. ಉದ್ದ ಎಂಬ ಒಂದೇ ಅಂಶವೂ ಇಬ್ಬರನ್ನು ಸಮನಾಗಿ ಬಾಧಿಸುವುದಿಲ್ಲ.

ಈ ಉದ್ದ ಟೇಪು ಹಿಡಿದು ಅಳೆದದ್ದಷ್ಟೇ ಅಲ್ಲ. ಚೆಂಡು ನೆಲದ ಮೇಲೆ ಉರುಳುವ ದೂರ, ಏರು ಇಳುಕಲು, ಬಲವಂತವಾಗಿ ಗಿಡ್ಡ ಹೊಡೆತ ಹೊಡೆಯಬೇಕಾದ ತಿರುವುಗಳು, ಆ ಸ್ಥಳದ ಸಾಮಾನ್ಯ ಗಾಳಿ ಇವನ್ನೆಲ್ಲ ಸೇರಿಸಿ ಪರಿಣಾಮಕಾರಿ ಉದ್ದವನ್ನು ಕಂಡುಕೊಳ್ಳುತ್ತಾರೆ. ಸಮುದ್ರಮಟ್ಟದಿಂದ 2000 ಅಡಿಗಿಂತ ಎತ್ತರದ ಮೈದಾನಗಳಿಗೆ ಇನ್ನೊಂದು ತಿದ್ದುಪಡಿ ಇದೆ. ಕಾರಣ ನಿಮಗೆ ಹೊಳೆದಿರಬೇಕು: ಗಾಳಿ ತೆಳುವಾದಾಗ ಎಳೆತ ಕಡಿಮೆ, ಚೆಂಡು ಹೆಚ್ಚು ದೂರ ಹೋಗುತ್ತದೆ. 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಸ್ಥಾಪನೆಯಾದ ನಮ್ಮ ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರದಲ್ಲಿರುವುದಕ್ಕಿಂತ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ.

ಇದಾದ ಮೇಲೆ ಅಡೆತಡೆಗಳು. ನೆಲದ ಏರುಪೇರು, ಹುಲ್ಲುಹಾದಿಯ ಅಗಲ, ಗ್ರೀನಿಗೆ ಗುರಿಯಿಡುವ ಕಷ್ಟ, ಗುರಿ ತಪ್ಪಿದರೆ ಚೇತರಿಸಿಕೊಳ್ಳುವ ಕಷ್ಟ, ಮರಳುಗುಂಡಿ, ಎಲ್ಲೆ ದಾಟುವ ಅಪಾಯ, ನೀರು, ಮರಗಳು, ಗ್ರೀನಿನ ಮೇಲ್ಮೈ, ಕೊನೆಗೆ ಮಾನಸಿಕ ಪರಿಣಾಮ. ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ. ಸ್ಕ್ರ್ಯಾಚ್ ಮತ್ತು ಬೋಗಿ ಆಟಗಾರರಿಗೆ ಬೇರೆ ಬೇರೆ ಅಂಕ, ಬೇರೆ ಬೇರೆ ತೂಕ. ಹತ್ತನೆಯ ಅಂಶವನ್ನು ಕಂಡು ಭೌತವಿಜ್ಞಾನಿಗಳು ಹುಬ್ಬೇರಿಸಬಹುದು. ಆದರೆ ಅದೂ ಅಳೆಯುವವರ ಮನಸ್ಸಿಗೆ ತೋಚಿದಂತೆ ಕೊಡುವ ಅಂಕವಲ್ಲ. ಉಳಿದ ಅಡೆತಡೆಗಳು ಎಷ್ಟು ಕಡೆ ತೀವ್ರವಾಗಿವೆ ಎಂಬುದರಿಂದ ಹೊರಡುವ ಲೆಕ್ಕ.

ಗ್ರೀನಿನ ಮೇಲ್ಮೈ ಮಾತ್ರ ನಮ್ಮ ಪ್ರಯೋಗಶಾಲೆಗೆ ಹೇಳಿಮಾಡಿಸಿದಂತಿದೆ. 1935ರಲ್ಲಿ ಓಕ್‌ಮಾಂಟ್ ಮೈದಾನದಲ್ಲಿ ನಡೆದ ಅಮೆರಿಕನ್ ಓಪನ್ ಪಂದ್ಯ ನೋಡಿದ ಎಡ್ವರ್ಡ್ ಸ್ಟಿಂಪ್ಸನ್, ಅಲ್ಲಿನ ಗ್ರೀನುಗಳು ಎಷ್ಟು ನುಣುಪು ಎಂಬುದನ್ನು ಅಳೆಯಲು ಒಂದು ಸರಳ ಸಾಧನವನ್ನು ಮಾಡಿದ. ಗಾಲ್ಫ್ ಸಂಸ್ಥೆ ಅದನ್ನು ಸುಧಾರಿಸಿ 1978ರಲ್ಲಿ ಮೈದಾನಗಳಿಗೆ ಒದಗಿಸಿತು. 36 ಅಂಗುಲದ ಅಲ್ಯೂಮಿನಿಯಂ ಪಟ್ಟಿ, ಉದ್ದಕ್ಕೂ V ಆಕಾರದ ಕಾಲುವೆ, ತುದಿಯಿಂದ 30 ಅಂಗುಲದಲ್ಲಿ ಚೆಂಡು ಕೂರುವ ಒಂದು ಕಚ್ಚು. ಪಟ್ಟಿಯ ಒಂದು ತುದಿಯನ್ನು ಹುಲ್ಲಿನ ಮೇಲಿಟ್ಟು ಇನ್ನೊಂದನ್ನು ನಿಧಾನವಾಗಿ ಎತ್ತುತ್ತ ಹೋದರೆ, ಕೋನ ಸುಮಾರು 20 ಡಿಗ್ರಿ ಆದಾಗ ಚೆಂಡು ತಾನೇ ಉರುಳಲು ತೊಡಗುತ್ತದೆ. ಹುಲ್ಲಿನ ಮೇಲೆ ಅದು ಎಷ್ಟು ಅಡಿ ಹೋಗಿ ನಿಂತಿತೋ ಅದೇ ಆ ಗ್ರೀನಿನ ವೇಗ.

ಪಿಯುಸಿ ವಿದ್ಯಾರ್ಥಿಗಳು ಇದರ ಲೆಕ್ಕ ಮಾಡಿ ನೋಡಬಹುದು. 0.762 ಮೀಟರ್ ಉದ್ದದ ಪಟ್ಟಿ 20 ಡಿಗ್ರಿಯಲ್ಲಿದ್ದರೆ ಚೆಂಡು ಇಳಿಯುವ ಎತ್ತರ ಸುಮಾರು 0.26 ಮೀಟರ್. ಘರ್ಷಣೆಯಿಲ್ಲದೆ ಜಾರಿದ್ದರೆ ವೇಗ ಸೆಕೆಂಡಿಗೆ 2.26 ಮೀಟರ್ ಆಗುತ್ತಿತ್ತು. ಆದರೆ ಚೆಂಡು ಉರುಳುತ್ತದೆ, ಶಕ್ತಿಯ ಒಂದು ಪಾಲು ಆವರ್ತನೆಗೆ ಹೋಗುತ್ತದೆ. ಆದ್ದರಿಂದ ಸುಮಾರು 1.9. ಪಟ್ಟಿಯಿಂದ ಹುಲ್ಲಿಗೆ ಇಳಿಯುವಾಗಿನ ನಷ್ಟವೂ ಸೇರಿ 1.83, ಅಂದರೆ ಸೆಕೆಂಡಿಗೆ 6 ಅಡಿ ಎಂದು ತೆಗೆದುಕೊಳ್ಳುತ್ತಾರೆ. ಚೆಂಡು 10 ಅಡಿ ಅಥವಾ 3.05 ಮೀಟರ್ ಹೋಗಿ ನಿಂತರೆ, v² = 2as ಸೂತ್ರದಿಂದ ವೇಗಕುಂಠನ ಸೆಕೆಂಡಿಗೆ ಸೆಕೆಂಡಿಗೆ 0.55 ಮೀಟರ್.

ಗ್ರೀನ್ ಓರೆಯಾಗಿದ್ದರೆ? ಏರಿನ ಕಡೆ 8 ಅಡಿ, ಇಳಿಜಾರಿನ ಕಡೆ 14 ಅಡಿ ಬಂತು ಎನ್ನಿ. ಸರಾಸರಿ 11 ಎಂದು ಬರೆದರೆ ತಪ್ಪು. ನೆಲದ ಓರೆ ಒಂದು ಕಡೆ ವೇಗಕುಂಠನಕ್ಕೆ ಕೂಡುತ್ತದೆ, ಇನ್ನೊಂದು ಕಡೆ ಅಷ್ಟೇ ಕಳೆಯುತ್ತದೆ. ವೇಗಕುಂಠನ 1/s ಗೆ ಅನುಪಾತದಲ್ಲಿರುವುದರಿಂದ ಸರಾಸರಿ ತೆಗೆಯಬೇಕಾದದ್ದು ದೂರಗಳದ್ದಲ್ಲ, ಅವುಗಳ ವ್ಯುತ್ಕ್ರಮಗಳದ್ದು. ಹರಾತ್ಮಕ ಮಾಧ್ಯ 2 × 8 × 14 ÷ 22, ಅಂದರೆ 10.2 ಅಡಿ. ಹರಾತ್ಮಕ ಮಾಧ್ಯದಿಂದ ಏನುಪಯೋಗ ಎಂದು ಕೇಳುವ ವಿದ್ಯಾರ್ಥಿಗೆ ಹೇಳಲು ಇದೊಂದು ಒಳ್ಳೆಯ ಉದಾಹರಣೆ.

113 ಎಂಬ ಸಂಖ್ಯೆ

ಅಡೆತಡೆಗಳ ತಿದ್ದುಪಡಿ ಸೇರಿದ ಮೇಲೆ ಎರಡು ಅಂಕಗಳು ಸಿಗುತ್ತವೆ: ಕೋರ್ಸ್ ರೇಟಿಂಗ್ ಮತ್ತು ಬೋಗಿ ರೇಟಿಂಗ್. ಪುರುಷರಿಗೆ,

ಸ್ಲೋಪ್ = (ಬೋಗಿ ರೇಟಿಂಗ್ – ಕೋರ್ಸ್ ರೇಟಿಂಗ್) × 5.381

5.381ರಿಂದ ಗುಣಿಸುವುದೆಂದರೆ ಸುಮಾರು 18.6ರಿಂದ ಭಾಗಿಸಿ 100ರಿಂದ ಗುಣಿಸಿದಂತೆ. ರೇಖೆಯ ಇಳಿಜಾರನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರೀತಿ ಇದು. ಮಹಿಳೆಯರಿಗೆ ಗುಣಕ 4.24. ಮೇಲಿನ 6600 ಗಜದ ಉದಾಹರಣೆಯಲ್ಲಿ ವ್ಯತ್ಯಾಸ 21.05, ಗುಣಿಸಿದರೆ ಸುಮಾರು 113. ಇದೇ ಪ್ರಮಾಣಿತ ಮೈದಾನದ ಸ್ಲೋಪ್. ಕನಿಷ್ಠ 55, ಗರಿಷ್ಠ 155 ಎಂದು ಮಿತಿ ಹಾಕಿದ್ದಾರೆ.

ನಮ್ಮ ‘ಅ’, ‘ಆ’ ಮೈದಾನಗಳಿಗೆ ಹಿಂದಿರುಗೋಣ. ‘ಅ’ದ ವ್ಯತ್ಯಾಸ 20, ಸ್ಲೋಪ್ 108. ‘ಆ’ದ ವ್ಯತ್ಯಾಸ 27, ಸ್ಲೋಪ್ 145. ಆಟಗಾರನ ಸ್ವಂತ ಸೂಚ್ಯಂಕವನ್ನು 113ರ ಮೈದಾನಕ್ಕೆ ಹೊಂದಿಸಿ ಇಟ್ಟಿರುತ್ತಾರೆ. ಅದು 18 ಆಗಿದ್ದರೆ, ‘ಅ’ದಲ್ಲಿ ಅವನಿಗೆ ಸಿಗುವ ರಿಯಾಯಿತಿ 18 × 108 ÷ 113, ಅಂದರೆ 17. ‘ಆ’ದಲ್ಲಿ 18 × 145 ÷ 113, ಅಂದರೆ 23. ಎರಡೂ ಕಡೆ ಪಾರ್ 71 ಎಂದುಕೊಂಡಿದ್ದೇನೆ. ಪಾರ್ ಮತ್ತು ಕೋರ್ಸ್ ರೇಟಿಂಗ್ ಬೇರೆಯಾದರೆ ಆ ವ್ಯತ್ಯಾಸವನ್ನೂ ಈಗ ಸೇರಿಸುತ್ತಾರೆ. ಆರು ಹೊಡೆತಗಳ ಅಂತರ! ಸೂಚ್ಯಂಕ ಸೊನ್ನೆ ಇರುವವನಿಗೆ ಮಾತ್ರ ಎರಡೂ ಕಡೆ ಸೊನ್ನೆಯೇ. ಚಾಂಪಿಯನ್ನನನ್ನು ಮಾತ್ರ ಕೇಳುತ್ತಿದ್ದ ಹಳೆಯ ಪದ್ಧತಿಗೆ ಈ ಆರು ಹೊಡೆತಗಳು ಕಾಣಿಸದೆ ಹೋದದ್ದು ಇದರಿಂದಲೇ.

ಹಿಮ್ಮುಖ ಲೆಕ್ಕವೂ ಇದೆ. ‘ಆ’ದಲ್ಲಿ 92 ಗಳಿಸಿದವನ ಸಾಧನೆ (92 – 71) × 113 ÷ 145, ಅಂದರೆ 16.4 ಎಂದು ದಾಖಲಾಗುತ್ತದೆ. ಅದೇ 92 ‘ಅ’ದಲ್ಲಿ ಬಂದರೆ 22.0. ಇಂಥ ಕೊನೆಯ 20 ದಾಖಲೆಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿಯೇ ಆಟಗಾರನ ಸೂಚ್ಯಂಕ. ಎಲ್ಲ ಇಪ್ಪತ್ತರ ಸರಾಸರಿ ಏಕಲ್ಲ ಎಂದರೆ, ಇದು ಆಟಗಾರ ಹೇಗೆ ಆಡುತ್ತಾನೆ ಎಂಬುದರ ಅಳತೆಯಲ್ಲ, ಹೇಗೆ ಆಡಬಲ್ಲ ಎಂಬುದರ ಅಳತೆ. ಬೇಕೆಂದೇ ಕೆಟ್ಟದಾಗಿ ಆಡಿ ರಿಯಾಯಿತಿ ಹೆಚ್ಚಿಸಿಕೊಳ್ಳುವವರಿಗೂ ಇದರಿಂದ ಸ್ವಲ್ಪ ತಡೆ.

ಜಗತ್ತಿನಲ್ಲಿ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳು ಪ್ರಚಲಿತವಾಗಿದ್ದವು: ಅಮೆರಿಕ, ಬ್ರಿಟನ್ ಮತ್ತು ಐರ್ಲೆಂಡ್, ಯೂರೋಪು, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅರ್ಜೆಂಟೀನ ಒಂದೊಂದನ್ನು ಅನುಸರಿಸುತ್ತಿದ್ದವು. 2020ರಲ್ಲಿ ಇವೆಲ್ಲವನ್ನೂ ಸೇರಿಸಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂತು. ಭಾರತದಲ್ಲೂ ಈಗ ಇದೇ ಬಳಕೆಯಲ್ಲಿದೆ. ಮೈದಾನಗಳನ್ನು ಅಳೆಯುವ ವಿಧಾನ ನೂಥ್‌ನ ಕೆಲಸದಿಂದ ಬೆಳೆದದ್ದೇ. ಆ ದಿನದ ಮಳೆಗಾಳಿಗೂ ಒಂದು ತಿದ್ದುಪಡಿ ಇದೆ. ಅಂದು ಆಡಿದವರ ಅಂಕಗಳೆಲ್ಲ ನಿರೀಕ್ಷೆಗಿಂತ ಬಹಳ ಬೇರೆಯಾಗಿದ್ದರೆ –1ರಿಂದ +3ರವರೆಗೆ ಹೊಂದಾಣಿಕೆ ಮಾಡುತ್ತಾರೆ. ಮೈದಾನದ ರೇಖೆಯನ್ನೇ ಅಂದಿನ ಮಟ್ಟಿಗೆ ಮೇಲೆ ಕೆಳಗೆ ಸರಿಸಿದಂತೆ.

ಇನ್ನೊಂದು ಪರಿಣಾಮವನ್ನು ಗಮನಿಸಿ. ಒಂದೇ ಟೀಗೆ ಪುರುಷರ ರೇಟಿಂಗ್ ಬೇರೆ, ಮಹಿಳೆಯರ ರೇಟಿಂಗ್ ಬೇರೆ. 5400 ಗಜದ ಮೈದಾನಕ್ಕೆ, ಅಡೆತಡೆಗಳನ್ನು ಬಿಟ್ಟು ಉದ್ದದಿಂದ ಮಾತ್ರ ಲೆಕ್ಕ ಹಾಕಿದರೆ, ಪುರುಷರಿಗೆ ರೇಟಿಂಗ್ 65.4, ಸ್ಲೋಪ್ 102. ಮಹಿಳೆಯರ ಸೂತ್ರಗಳಾದ ಉದ್ದ ÷ 180 + 40.1 ಮತ್ತು ಉದ್ದ ÷ 120 + 51.3 ಬಳಸಿದರೆ ರೇಟಿಂಗ್ 70.1, ಸ್ಲೋಪ್ 111. ಹುಲ್ಲು ಅದೇ, ಮರ ಅದೇ, ಕುಳಿ ಅದೇ. ಮೈದಾನದ ಕಷ್ಟ ಎಷ್ಟು ಎಂದು ಕೇಳಿದರೆ ಪದ್ಧತಿ ಕೊಡುವ ಉತ್ತರ ಇನ್ನೊಂದು ಪ್ರಶ್ನೆ: ಯಾರಿಗೆ?

ಹಾಗೆಂದು ಈ ಪದ್ಧತಿ ಪೂರ್ಣವೆಂದು ನಾನು ಹೇಳಲಾರೆ. ಸೂಚ್ಯಂಕದ ಈಗಿನ ಗರಿಷ್ಠ ಮಿತಿ 54. ಸೊನ್ನೆ ಮತ್ತು 20ರ ಬಳಿ ಗುರುತಿಸಿದ ಎರಡು ಬಿಂದುಗಳ ಮೇಲೆ ಎಳೆದ ರೇಖೆಯನ್ನು 54ರವರೆಗೆ ಚಾಚುವುದು ಎಂಥ ಸಾಹಸ ಎಂಬುದು ಪ್ರಯೋಗದ ದಾಖಲೆ ಪುಸ್ತಕ ಬರೆದ ಯಾರಿಗೂ ಗೊತ್ತು. ಅದಕ್ಕಿಂತ ತೊಡಕಿನದು ಇನ್ನೊಂದಿದೆ. ಹ್ಯಾಂಡಿಕ್ಯಾಪ್ ಕುರಿತ ಬರಹಗಳಲ್ಲಿ ಸ್ಟೆಡಿ ಎಡ್ಡಿ, ವೈಲ್ಡ್ ವಿಲ್ಲಿ ಎಂಬ ಇಬ್ಬರು ಕಲ್ಪಿತ ಆಟಗಾರರು ಬರುತ್ತಾರೆ. ಇಬ್ಬರ ಸೂಚ್ಯಂಕವೂ 20. ಎಡ್ಡಿ 160 ಗಜವಷ್ಟೇ ಹೊಡೆಯುತ್ತಾನೆ, ಆದರೆ ಅಡ್ಡದಾರಿಗೆ ಹೋಗುವುದಿಲ್ಲ. ವಿಲ್ಲಿ 250 ಗಜ ಹೊಡೆಯುತ್ತಾನೆ, ಚೆಂಡು ಎತ್ತ ಹೋಗುವುದೆಂದು ಅವನಿಗೇ ತಿಳಿಯದು. ನಮ್ಮ ‘ಆ’ ಮೈದಾನದ 190 ಗಜದ ಕೆರೆ ಎಡ್ಡಿಗೆ ದಾಟಲಾಗದ ಗೋಡೆ, ವಿಲ್ಲಿಗೆ ಲೆಕ್ಕಕ್ಕಿಲ್ಲ. ಹಾದಿಯ ಇಕ್ಕೆಲದಲ್ಲಿ ದಟ್ಟ ಮರಗಳಿರುವ ಕಿರಿದಾದ ಮೈದಾನದಲ್ಲಿ ಇದು ತಿರುಗುಮುರುಗು. ಎರಡೂ ಮೈದಾನಗಳ ಸ್ಲೋಪ್ 145 ಆಗಿದ್ದರೆ ಇಬ್ಬರಿಗೂ ಎರಡು ಕಡೆಯೂ ಸಿಗುವುದು ಅದೇ 26 ಹೊಡೆತ. ಇವರಿಬ್ಬರನ್ನು ಬೇರ್ಪಡಿಸಲು ಮೂರನೆಯದೊಂದು ಸಂಖ್ಯೆ ಬೇಕು. ಅದನ್ನು ಈವರೆಗೆ ಯಾವ ಪದ್ಧತಿಯೂ ಸೇರಿಸಿಕೊಂಡಿಲ್ಲ. ಸೇರಿಸಿದರೆ ಕ್ಲಬ್ಬಿನ ಗೋಡೆಯ ಮೇಲೆ ತೂಗುಹಾಕುವ ಕೋಷ್ಟಕವನ್ನು ಓದಬಲ್ಲವರು ಎಷ್ಟು ಮಂದಿ ಉಳಿದಾರು ಎಂಬುದೂ ಯೋಚಿಸಬೇಕಾದದ್ದೇ.